ಹಡಗಿನ ಬಾಲದಲ್ಲಿ ನಿಂತ ಮಾವ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ, ಆ ಉಪಾಯ ನನ್ನದು. ಚಲಪತಿ ಮಾವ ಕೇಳಿರಲಿಲ್ಲ, ರತ್ನತ್ತೆ ಬೇಡವೆಂದಿದ್ದಳು, ಕೊಟ್ಟಿಗೆಯ ಎಮ್ಮೆಗಳು ಮಾತ್ರ ನನ್ನ ಪರವಾಗಿದ್ದವು. ಅದು ಹೇಗೆಂದು ಆಮೇಲೆ ಹೇಳುತ್ತೇನೆ. ನೌಕಾಪಡೆಯಿಂದ ನಿವೃತ್ತನಾದ ಒಬ್ಬ ಗಂಭೀರ ಮನುಷ್ಯ ವೇದಿಕೆಯ ಮೇಲೆ ನಿಂತು ಬರಿದೇ ತುಟಿಯಾಡಿಸುವುದು, ಪರದೆಯ ಹಿಂದೆ ಅವನ ಅಕ್ಕನ ಮಗ ಕೂತು ಅವನದೇ ದನಿಯಲ್ಲಿ ಭಾಷಣ ಬಿಗಿಯುವುದು, ಇಂಥ ಆಲೋಚನೆ ಬುದ್ಧಿಯಿರುವವರ ತಲೆಯ ಹತ್ತಿರವೂ ಸುಳಿಯುವುದಿಲ್ಲ. ನನ್ನ ತಲೆಗೆ ಬಂತು. ಬಂದದ್ದಷ್ಟೇ ಅಲ್ಲ, ಖಾಲಿ ಜಾಗ ಬೇಕಾದಷ್ಟಿದೆಯೆಂದು ಕಾಲು ಚಾಚಿಕೊಂಡು ಕೂತಿತು.

ಎಲ್ಲದಕ್ಕೂ ಮೂಲ ಒಂದು ಸ್ಲೇಟು. ಬೂದಿಕೋಟೆಯ ಮಾವನ ಮನೆಯ ಜಗಲಿಯಲ್ಲಿ, ಹಾಲಿನ ಕ್ಯಾನುಗಳ ಪಕ್ಕ, ಮರದ ಚೌಕಟ್ಟಿನ ಆ ಸ್ಲೇಟು ಗೋಡೆಗೊರಗಿ ಕೂತಿರುತ್ತಿತ್ತು. ಮಾವನ ಗಂಟಲಲ್ಲಿ ಸಣ್ಣದೊಂದು ಗಂಟು ಬೆಳೆದಿತ್ತು. ಕೋಲಾರದ ಡಾಕ್ಟರು ಅದನ್ನು ತೆಗೆದು, ತಾವು ಹೇಳುವ ತನಕ ಮಾತು ಕೂಡದು, ಪಿಸುಮಾತೂ ಕೂಡದು, ಮೀರಿದರೆ ಇರುವ ದನಿಯೂ ಹೋದೀತು ಎಂದು ಎಚ್ಚರಿಸಿ ಕಳಿಸಿದ್ದರು. ಗಂಟು ಯಾಕೆ ಬೆಳೆಯಿತೆಂದು ಡಾಕ್ಟರು ಬಹಳ ಹೊತ್ತು ಯೋಚಿಸಿದರಂತೆ. ನಮ್ಮನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆವು. ಆ ಮನುಷ್ಯ ಅರ್ಧ ಆಯಸ್ಸು ಹಡಗಿನ ಇಂಜಿನ್ನುಗಳ ಸದ್ದನ್ನು ಮೀರಿ ಕೂಗಿದ, ಉಳಿದರ್ಧ ಆಯಸ್ಸು ಎಮ್ಮೆಗಳನ್ನು ಕೂಗಿದ. ಹೀಗೆ ಕೂಗಿದವನು ಈಗ ಬಳಪ ಹಿಡಿದು ಮೌನಿಯಾಗಿ ಕೂತದ್ದು ಊರಿಗೆಲ್ಲ ವಿಚಿತ್ರ. ಬಾಯಲ್ಲಿ ಬಯ್ಯುವಾಗ ನನ್ನ ಹುಟ್ಟಿನಿಂದ ಹಿಡಿದು ನನ್ನ ಹೇರ್‌ಕಟ್ಟಿನವರೆಗೆ ಸಾವಕಾಶವಾಗಿ ಬರುತ್ತಿದ್ದವನು, ಸ್ಲೇಟಿನಲ್ಲಿ ಜಾಗ ಸಾಲದೆ 'ದಂಡಪಿಂಡ' ಎಂದಷ್ಟೇ ಬರೆದು, ನಾನು ಬರುವ ಹೊತ್ತಿಗೆ ಬಾಗಿಲಿಗೆ ಕಾಣುವಂತೆ ನಿಲ್ಲಿಸಿಡುತ್ತಿದ್ದ.

ನನ್ನ ಉದ್ಯೋಗ ಏನೆಂದು ನೀವು ಕೇಳುವ ಮೊದಲೇ ಹೇಳಿಬಿಡುವುದು ಕ್ಷೇಮ. ಮದುವೆ ಆರತಕ್ಷತೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಮದುವೆಗಳಿಲ್ಲದ ದಿನಗಳಲ್ಲಿ ತಳ್ಳುಗಾಡಿಯವರಿಗೂ ಆಟೋದವರಿಗೂ ಕೂಗು ರೆಕಾರ್ಡ್ ಮಾಡಿ ಕೊಡುತ್ತೇನೆ. ಬಂಗಾರಪೇಟೆಯಲ್ಲಿ ಟೊಮೆಟೊ ಮಾರುವ ಕನ್ನಡದ ಕಂಠ ನನ್ನದು, ಕೆ.ಜಿ.ಎಫ್‌ನಲ್ಲಿ ಹಳೇ ಕಬ್ಬಿಣ ಕೊಳ್ಳುವ ತಮಿಳಿನ ಕಂಠ ನನ್ನದು, ಗಡಿಯಾಚೆ ಪ್ಲಾಸ್ಟಿಕ್ ಬಿಂದಿಗೆ ಮಾರುತ್ತ ಹೋಗುವ ತೆಲುಗಿನ ಕಂಠವೂ ನನ್ನದೇ. ನಾನು ಹಾಸಿಗೆಯಲ್ಲಿ ಬಿದ್ದುಕೊಂಡಿರುವಾಗ ನನ್ನ ದನಿ ಬೀದಿ ಬೀದಿ ಸುತ್ತಿ ದುಡಿಯುತ್ತಿರುತ್ತದೆ. ದೇಹ ಒಂದು ಕಡೆ, ದನಿ ಒಂದು ಕಡೆ ಇರುವುದು ನನಗೆ ಅಷ್ಟು ರೂಢಿಯಾಗಿಬಿಟ್ಟಿತ್ತಾದ್ದರಿಂದ, ಒಬ್ಬನ ದೇಹಕ್ಕೆ ಇನ್ನೊಬ್ಬನ ದನಿ ಹೊಲಿಯುವುದರಲ್ಲಿ ತಪ್ಪೇನೆಂದು ನನಗೆ ಹೊಳೆಯಲೇ ಇಲ್ಲ.

ಮಾವನ ದನಿಯಂತೂ ನನ್ನ ಅತ್ಯುತ್ತಮ ಐಟಂ. ಮೂಗಿನಲ್ಲಿ ಹುಟ್ಟಿ, ಎದೆಗಿಳಿದು, ತಗಡಿನ ಮೇಲೆ ಜಲ್ಲಿ ಸುರಿದಂತೆ ಹೊರಬರುವ ಆ ಗಡಸು ಕಂಠವನ್ನು ನಾನು ಹತ್ತಾರು ಮದುವೆಗಳಲ್ಲಿ ಆಡಿ ಚಪ್ಪಾಳೆ ಗಿಟ್ಟಿಸಿದ್ದೆ. ಆಪರೇಷನ್ನಾದ ವಾರದಲ್ಲಿ ಎಮ್ಮೆಗಳು ಮಾವನ ಕೂಗಿಲ್ಲದೆ ಕೆರೆಯಂಗಳದಿಂದ ಮನೆಗೆ ಬರಲೊಪ್ಪದೆ ಕೆಸರಿನಲ್ಲಿ ಕೂತುಬಿಟ್ಟವು. ಅತ್ತೆ ಕರೆದಳು, ಬೇಡಿದಳು, ಕೋಲು ತೋರಿಸಿದಳು. ಅವು ಕಿವಿ ಕೂಡ ಅಲುಗಿಸಲಿಲ್ಲ. ನಾನು ಕೆರೆ ಏರಿಯ ಮೇಲೆ ನಿಂತು ಮಾವನಂತೆ ಒಂದು ಕೂಗು ಹಾಕಿದೆ ನೋಡಿ, ಎರಡೂ ಧಡಕ್ಕನೆ ಎದ್ದು, ತಪ್ಪು ಮಾಡಿದವರಂತೆ ತಲೆ ತಗ್ಗಿಸಿ, ಸಾಲಾಗಿ ಬಂದವು. ನನ್ನ ಅಹಂಕಾರಕ್ಕೆ ಅಂದು ಬಂದ ಕೊಂಬು ಎಮ್ಮೆಯದಕ್ಕಿಂತ ದೊಡ್ಡದು.

ಇನ್ನು ಹಡಗಿನ ವಿಷಯ. ಅದರ ಹೆಸರನ್ನು ಬರೆಯಬಾರದೆಂದು ಮಾವನ ಅಪ್ಪಣೆಯಿದೆ. ಮಾವನ ಬಾಯಲ್ಲಿ ಅದು ಯಾವತ್ತೂ 'ನಮ್ಮೆಮ್ಮೆ'. ಹೂಗ್ಲಿ ನದಿಯ ದಂಡೆಯಲ್ಲಿ ಹುಟ್ಟಿ, ಮೂತಿಗೆ ತೆಂಗಿನಕಾಯಿ ಒಡೆಸಿಕೊಂಡು ನೀರಿಗಿಳಿದ, ಯುದ್ಧದ ಟ್ಯಾಂಕುಗಳನ್ನು ಹೊತ್ತೊಯ್ದು ದಡಕ್ಕಿಳಿಸುವ ಹಡಗು ಅದು. ಬೇರೆ ಹಡಗುಗಳ ತಳ ಚೂಪಾಗಿದ್ದರೆ ಇದರದು ಮುದ್ದೆ ಕಟ್ಟುವ ಹಲಗೆಯಂತೆ ಚಪ್ಪಟೆ. ಬೇರೆ ಹಡಗುಗಳು ನೆಲಕ್ಕೆ ಹೊಟ್ಟೆ ತಾಗಿದರೆ ಸತ್ತೆವೆಂದು ಹೆದರುತ್ತವೆ. ಇದು ಬೇಕೆಂದೇ ದಡಕ್ಕೆ ನುಗ್ಗಿ ಮರಳಿನ ಮೇಲೆ ಹೊಟ್ಟೆಯಿಟ್ಟು ಮಲಗುತ್ತದೆ. ಮಲಗಿ, ಮೂತಿಯ ಬಾಗಿಲುಗಳನ್ನು ತೆರೆದು, ನಾಲಗೆಯಂಥ ಇಳಿಜಾರು ಹಲಗೆಯನ್ನು ಚಾಚಿ, ಒಳಗಿನ ಟ್ಯಾಂಕುಗಳನ್ನು ಒಂದೊಂದಾಗಿ ದಡಕ್ಕೆ ಬಿಡುತ್ತದೆ. ಚಪ್ಪಟೆ ತಳದ ಫಲವಾಗಿ ನಡುಗಡಲಿನಲ್ಲಿ ಅದು ಹೊರಳಾಡುವ ವೈಖರಿ ಎಂಥದ್ದೆಂದರೆ, ಹೊಸದಾಗಿ ಸೇರಿದವರು ಮೊದಲ ಪಯಣದಲ್ಲಿ ತಿಂದದ್ದನ್ನೆಲ್ಲ ಬಂಗಾಳಕೊಲ್ಲಿಗೆ ಒಪ್ಪಿಸಿಯೇ ನಾವಿಕರಾಗುತ್ತಿದ್ದರಂತೆ.

ಹಾಗೆ ದಡ ಹತ್ತಿದ ಹಡಗು ಮತ್ತೆ ನೀರಿಗೆ ಬರುವುದು ಹೇಗೆ? ಇಲ್ಲೇ ನಮ್ಮ ಮಾವನ ಪ್ರವೇಶ. ದಡ ಇನ್ನೂ ದೂರವಿರುವಾಗಲೇ ಹಡಗಿನ ಬಾಲದಿಂದ ಒಂದು ಲಂಗರನ್ನು ಕಡಲಿಗೆ ಬಿಟ್ಟು, ಅದರ ಉಕ್ಕಿನ ಹಗ್ಗವನ್ನು ಬಿಚ್ಚುತ್ತ ಬಿಚ್ಚುತ್ತ ಮುಂದೆ ಹೋಗುತ್ತಾರೆ. ದಡದಲ್ಲಿ ಮಲಗಿರುವಷ್ಟು ಹೊತ್ತೂ ಆ ಹಗ್ಗ ಬಿಗಿಯಾಗಿದ್ದರೆ ಅಲೆಗಳು ಹಡಗನ್ನು ಅಡ್ಡ ತಿರುಗಿಸಲಾರವು. ಕೆಲಸ ಮುಗಿದ ಮೇಲೆ ಅದೇ ಹಗ್ಗವನ್ನು ಸುತ್ತಿಕೊಂಡು ಹಡಗು ತನ್ನನ್ನು ತಾನೇ ಹಿಂದಕ್ಕೆಳೆದುಕೊಳ್ಳುತ್ತದೆ. ಆ ಹಗ್ಗದ ಕಾವಲು ಮಾವನದು. ಇಡೀ ಹಡಗು ದಡ ನೋಡುತ್ತಿದ್ದರೆ ಇವನೊಬ್ಬ ಬಾಲದಲ್ಲಿ ನಿಂತು, ಎಲ್ಲರಿಗೂ ಬೆನ್ನು ತೋರಿಸಿ, ಕಡಲು ನೋಡುತ್ತಿದ್ದ. ಟ್ಯಾಂಕು ಇಳಿಸುವ ಹಡಗಿನಲ್ಲಿ ಅಷ್ಟು ವರ್ಷ ದುಡಿದು, ಟ್ಯಾಂಕು ಇಳಿಯುವುದನ್ನು ಒಮ್ಮೆಯೂ ಕಣ್ಣಾರೆ ಕಾಣದ ಮಹಾನುಭಾವ!

ಚಿಕ್ಕಂದಿನಲ್ಲಿ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದೆ. ಆದರೆ ನಮ್ಮ ಸೀಮೆಯಲ್ಲಿ ಇದು ಅಂಥ ಅಪರೂಪವೇನಲ್ಲ. ಮಾವನ ಜೊತೆ ಅದೇ ಹಡಗಿನ ಇಂಜಿನ್ ಕೋಣೆಯಲ್ಲಿದ್ದ ಸೆಲ್ವರಾಜಣ್ಣ ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ಸಿನವರು. ಅವರ ಅಪ್ಪ ಚಿನ್ನದ ಗಣಿಯಲ್ಲಿ ಆಳುಗಳ ತೊಟ್ಟಿಲನ್ನು ಪಾತಾಳಕ್ಕೆ ಇಳಿಸಿ ಹತ್ತಿಸುವ ಹಗ್ಗದ ಯಂತ್ರ ನಡೆಸುತ್ತಿದ್ದವರು. ನಿವೃತ್ತರಾಗುವ ತನಕ ಚಿನ್ನದ ಚೂರನ್ನೂ ಅಲ್ಲಿ ಕಂಡವರಲ್ಲ, ಕಂಡದ್ದೆಲ್ಲ ಹಗ್ಗ. ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯಿಂದ ಬೆಂಗಳೂರಿಗೆ ನೇತಾಡಿಕೊಂಡು ಹೋಗುವವರನ್ನು ನೋಡುವಾಗಲೂ ನನಗೆ ಅದೇ ಅನ್ನಿಸುತ್ತದೆ. ಬಾಗಿಲಲ್ಲಿ ಜೋತುಬಿದ್ದವನ ಟಿಫಿನ್ ಡಬ್ಬಿಯಿಂದ ಹಿಡಿದು ಕಿಟಕಿಯ ಪಕ್ಕ ಹೂ ಕಟ್ಟುತ್ತ ಕೂತ ಅಕ್ಕನ ದಾರದ ತನಕ, ಎಲ್ಲರ ಹಿಂದೆಯೂ ಕಾಣದ ಒಂದು ಹಗ್ಗ, ಎಲ್ಲೋ ಮನೆಯಲ್ಲಿ ಅದನ್ನು ಬಿಗಿ ಹಿಡಿದು ನಿಂತ ಯಾರೋ ಒಬ್ಬರು. ಮುಂದೆ ಹೋಗುವುದಕ್ಕೆ ಜನ ಬೇಕಾದಷ್ಟು ಸಿಗುತ್ತಾರೆ ಸ್ವಾಮಿ. ಹೋದವರು ಮರಳಿ ಬರುವಂತೆ ನೋಡಿಕೊಳ್ಳುವ ಕೆಲಸಕ್ಕೆ ಅರ್ಜಿ ಹಾಕುವವರು ಕಡಿಮೆ. ಹೀಗೆ ನಾನು ದೊಡ್ಡದಾಗಿ ಯೋಚಿಸುವಾಗಲೇ ಟೀಸಿ ಬಂದು ಟಿಕೆಟ್ ಕೇಳುತ್ತಾರೆ, ನನ್ನ ತತ್ವಜ್ಞಾನ ಬೋಗಿಯಿಂದ ಬೋಗಿಗೆ ಓಡುತ್ತದೆ.

ಆ ಹಡಗಿಗೆ ವಯಸ್ಸಾಗಿ, ಅದನ್ನು ಸೇವೆಯಿಂದ ಬಿಡಿಸುವ ದಿನ ಗೊತ್ತಾಯಿತು. ದೂರದ ಕಡಲ ತೀರದಲ್ಲಿ ಒಂದು ಸಂಜೆ, ಸೂರ್ಯ ಮುಳುಗುವಾಗ, ಅದರ ಬಾವುಟ ಕೊನೆಯ ಸಲ ಇಳಿಯುತ್ತದೆ. ಅಷ್ಟು ದೂರ ಹೋಗಲಾರದ ಹಳಬರು ಅದೇ ಸಂಜೆ ಬಂಗಾರಪೇಟೆಯ ಸ್ಟೇಷನ್ನಿನ ಹತ್ತಿರದ ಒಂದು ಸಣ್ಣ ಹಾಲ್‌ನಲ್ಲಿ ಸೇರುವುದೆಂದಾಯಿತು. ಕುಪ್ಪಂನವರಿಗೂ ಜೋಲಾರಪೇಟೆಯವರಿಗೂ ರೈಲಿಳಿದರೆ ಎದುರಿಗೇ. ಹಡಗಿನ ಕಥೆಯನ್ನು ಹೇಳಬೇಕಾದವನು ಚಲಪತಿಯೇ ಎಂದು ಸೆಲ್ವರಾಜಣ್ಣ ಫೋನಿನ ಮೇಲೆ ಫೋನು. ಅತ್ತೆ ಪ್ರತಿಸಲವೂ 'ಹುಲ್ಲು ತರೋಕ್ ಓಗವ್ರೆ' ಎನ್ನುತ್ತಿದ್ದಳು. ಆ ಲೆಕ್ಕದಲ್ಲಿ ನಮ್ಮ ಮಾವ ಇಡೀ ತಾಲ್ಲೂಕಿನ ಹುಲ್ಲು ಕೊಯ್ದು ಮುಗಿಸಿರಬೇಕು. ಹಡಗಿನಲ್ಲೆಲ್ಲ ದನಿಗೇ ಹೆಸರಾಗಿದ್ದವನಿಗೆ, ಆ ದನಿಯಿಲ್ಲದೆ ಅವರೆದುರು ಮೂಕನಾಗಿ ನಿಲ್ಲುವುದು ಬೇಡವಾಗಿತ್ತು. ಸ್ಲೇಟಿನ ಮೇಲೆ 'ನಾನು ಹೋಗಲ್ಲ' ಎಂದು ಬರೆದ. ಬರೆದು, ಒರೆಸಿ, ಮತ್ತೆ ಅದನ್ನೇ ಬರೆದ. ಆ ಎರಡನೆಯ ಸಲ ಬರೆದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮಾವ, ನೀನು ನಿಂತ್ಕೊಂಡು ತುಟಿ ಆಡ್ಸು ಸಾಕು. ಮಾತು ನಂದು," ಎಂದೆ.

"ಬ್ಯಾಡ ಕಣ್ಲಾ ಸೀನ," ಎಂದಳು ಅತ್ತೆ. "ಎಮ್ಮೆ ಮೋಸ ಓದಂಗೆ ಮನುಸ್ರು ಮೋಸ ಓಯ್ತಾರಾ?"

"ಮನುಸ್ರು ಇನ್ನೂ ಬೇಗ ಓಯ್ತಾರೆ ಕಣತ್ತೆ. ಎಮ್ಮೆಗಾದ್ರೆ ವಾಸನೆ ಗೊತ್ತಾಯ್ತದೆ."

ಮಾವ 'ನಾನು ಹೋಗಲ್ಲ' ಎಂಬುದನ್ನು ಒರೆಸಿದ. ಆಮೇಲೆ ಭಾಷಣವನ್ನು ತುಂಡು ತುಂಡಾಗಿ ಸ್ಲೇಟಿನ ಮೇಲೆ ಬರೆದು ತೋರಿಸುತ್ತ, ನಾನು ಬಾಯಿಪಾಠ ಮಾಡಿದಂತೆಲ್ಲ ಒರೆಸುತ್ತ ಹೋದ. ಅದರಲ್ಲಿ ವೀರಾವೇಶ ಒಂದಿಷ್ಟೂ ಇರಲಿಲ್ಲ. ಅವನು ಬರೆದದ್ದಿಷ್ಟು: ನಮ್ಮ ಹಡಗು ಯುದ್ಧ ಮಾಡಲಿಲ್ಲ. ಕವಾಯತಿಗೆ ಟ್ಯಾಂಕು ಹೊತ್ತೆವು, ದ್ವೀಪಗಳಿಗೆ ಅಕ್ಕಿ, ಸಿಮೆಂಟು, ಗ್ಯಾಸ್ ಸಿಲಿಂಡರು, ಶಾಲೆಯ ಬೆಂಚು ಹೊತ್ತೆವು. ಒಮ್ಮೆ ಚಂಡಮಾರುತ ಒಂದು ದ್ವೀಪದ ಹಡಗುಕಟ್ಟೆಯನ್ನೇ ಕೊಚ್ಚಿಕೊಂಡು ಹೋಗಿ, ಬೇರಾವ ಹಡಗೂ ಹತ್ತಿರ ಹೋಗಲಾಗದಿದ್ದಾಗ, ನಮ್ಮ ಚಪ್ಪಟೆ ಹೊಟ್ಟೆಯ ಎಮ್ಮೆ ನೇರ ಮರಳಿಗೇ ಹತ್ತಿತು. ಟ್ಯಾಂಕು ಇಳಿಯುವ ಬಾಗಿಲಿಂದ ಊರಿನ ಜನವೆಲ್ಲ ಒಳಕ್ಕೆ ಬಂದರು. ನಾನು ಬಾಲದಲ್ಲಿದ್ದೆ, ಏನೂ ನೋಡಲಿಲ್ಲ. ಹಡಗು ಕಡಲಿಗೆ ಬಂದ ಮೇಲೆ ಕೆಳಗಿಳಿದು ಹೋದರೆ, ಟ್ಯಾಂಕು ನಿಲ್ಲುವ ಜಾಗದ ತುಂಬ ಜನ ಮಲಗಿ ನಿದ್ದೆ ಹೋಗಿದ್ದರು. ಎಚ್ಚರವಾಗಿದ್ದ ಒಬ್ಬ ಅಜ್ಜಿ, ನನ್ನ ಕೈಯ ಗ್ರೀಸನ್ನು ತನ್ನ ಸೆರಗಿನಿಂದ ಒರೆಸಿದಳು.

ಅಷ್ಟೇ. ಅಲ್ಲಿಗೆ ಮುಗಿಸು ಎಂದು ಬಳಪದಿಂದ ಒಂದು ಗೆರೆ ಎಳೆದ. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹಡಗಿನ ಕೊನೆಯ ದಿನವಾದರೂ ಹೇಳಬೇಕೆಂದು ಅವನಿಗೆ ಆಸೆಯಿತ್ತು. ನನಗೋ, ಇದೇನು ಸಪ್ಪೆ ಮುಕ್ತಾಯ, ಚಪ್ಪಾಳೆ ಎಲ್ಲಿ ಬೀಳುತ್ತದೆ ಎಂಬ ಚಿಂತೆ.

ಆ ಸಂಜೆ ಹಾಲ್‌ನಲ್ಲಿ ಹಡಗಿನ ಚಿತ್ರವಿದ್ದ ದೊಡ್ಡ ಫ್ಲೆಕ್ಸು ಕಟ್ಟಿದ್ದರು. ಅದರ ಹಿಂದೆ ನಾನು ಮೈಕು ಹಿಡಿದು ಕೂತೆ. ಅದರ ಮುಂದೆ, ಆಫ್ ಮಾಡಿದ ಇನ್ನೊಂದು ಮೈಕಿನೆದುರು, ಇಸ್ತ್ರಿ ಮಾಡಿದ ಬಿಳಿ ಶರಟಿನ ಮಾವ. ಫ್ಲೆಕ್ಸಿನ ಸಂದಿಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಶುರು ಮಾಡಿದೆ. ಎಮ್ಮೆ, ಚಪ್ಪಟೆ ಹೊಟ್ಟೆ, ವಾಂತಿ. ಒಂದೊಂದಕ್ಕೂ ಮುದುಕರು ಬೆಂಚು ಬಡಿದು ನಕ್ಕರು. ಚಪ್ಪಾಳೆ ನನ್ನಂಥವನ ನೆತ್ತಿಗೆ ಏರುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಚಂಡಮಾರುತದ ಭಾಗ ಬಂದಾಗ ನನ್ನೊಳಗಿನ ಕಲಾವಿದ ಎದ್ದು ನಿಂತು ಅಜ್ಜಿಯನ್ನು ಪಕ್ಕಕ್ಕೆ ಸರಿಸಿಬಿಟ್ಟ. ದ್ವೀಪ ಶತ್ರುಗಳ ದಡವಾಯಿತು. ಬಾಯಲ್ಲೇ ಫಿರಂಗಿ ಹಾರಿಸಿದೆ, ಬಾಯಲ್ಲೇ ಹೆಲಿಕಾಪ್ಟರ್ ತಿರುಗಿಸಿದೆ, "ಮೊದಲನೇ ಟ್ಯಾಂಕಿನ ನೆತ್ತಿ ಮೇಲೆ ನಾನೇ ಕೂತು ದಡಕ್ಕೆ ನುಗ್ಗಿದೆ!" ಎಂದು ಮಾವನ ದನಿಯಲ್ಲಿ ಗರ್ಜಿಸಿದೆ.

ಮಾವ ತುಟಿಯಾಡಿಸುವುದನ್ನು ನಿಲ್ಲಿಸಿಬಿಟ್ಟನಂತೆ. ಮುಚ್ಚಿದ ಬಾಯಿಂದ ಗುಂಡುಗಳು ಹಾರುತ್ತಲೇ ಇದ್ದವು. ಯಾರೂ ನಗುತ್ತಿಲ್ಲವೆಂದು ನನಗೆ ತಿಳಿಯುವಷ್ಟರಲ್ಲಿ ಹೆಲಿಕಾಪ್ಟರು ಅರ್ಧ ಇಳಿದಿತ್ತು.

ಸೆಲ್ವರಾಜಣ್ಣ ಎದ್ದು ನಿಂತರು. "ಅಲ್ಲಪ್ಪಾ, ಚಲಪತಿ ಎಪ್ಪೋ, ಯಾವಾಗ ಮುಂದುಗಡೆ ಹೋದ? ಯಾರಾದ್ರೂ ನೋಡಿದ್ರಾ?"

ಸರಿಪಡಿಸಲೇಬೇಕೆಂದು ಮಾವ ಬಾಯಿ ತೆರೆದ. ಅವನ ಹೆಗಲು ಮೇಲೇರಿದ್ದು, ಎದೆಗೆ ಗಾಳಿ ತುಂಬಿಕೊಂಡದ್ದು ಹಿಂದಿನಿಂದಲೇ ಕಂಡಿತು. ಮೈಕನ್ನು ಕೆಳಗಿಟ್ಟುಬಿಟ್ಟೆ. ಒಂದು ಕೂಗಿಗೆ ಆ ದನಿ ಶಾಶ್ವತವಾಗಿ ಹೋಗುವುದಿತ್ತು, ನನ್ನ ಒಂದು ಹೆಲಿಕಾಪ್ಟರಿನ ಚಪಲಕ್ಕೆ.

"ಬಾಯ್ ಬಿಟ್ಟೀರಾ ಜ್ವಾಕೆ!" ಅತ್ತೆ ಹಿಂದಿನ ಸಾಲಿನಿಂದ ಕುರ್ಚಿಗಳನ್ನು ತಳ್ಳಿಕೊಂಡು ಬಂದಳು. "ಗಂಟ್ಲು ಕುಯ್ಸವ್ರೆ ಕಣಣ್ಣಾ, ಮಾತಾಡಂಗಿಲ್ಲ! ನಿಮ್ಗೆ ಗೊತ್ತಾಗ್ಬಾರ್ದು ಅಂತ ಆ ಮಂಗನ್ನ ಹಿಂದೆ ಕೂರ್ಸವ್ರೆ!"

ಸೆಲ್ವರಾಜಣ್ಣ ಆಗಲೇ ವೇದಿಕೆಗೆ ಬಂದು, ಮಾವನ ಬಾಯಿಗೆ ತಮ್ಮ ಅಂಗೈ ಅಡ್ಡ ಇಟ್ಟಿದ್ದರು. "ಗೊತ್ತಾಗಲ್ಲ ಅಂದ್ಕೊಂಡ್ಯಾ ಪಾ? ನೀನು ಮೈಕ್ ಮುಂದೆ ನಿಂತಾಗ್ಲೇ ಗೊತ್ತಾಯ್ತು. ನಿನಗೆ ಎಂದಾದ್ರೂ ಮೈಕ್ ಬೇಕಾಗಿತ್ತಾ? ಡೇ ತಂಬಿ, ಹೊರಗೆ ಬಾ!"

ತಂಬಿ ಹೊರಗೆ ಬರಲಿಲ್ಲ. ತಂಬಿಗೆ ಮಾನವಿತ್ತು, ಅಥವಾ ಹೆದರಿಕೆಯಿತ್ತು.

ಸೆಲ್ವರಾಜಣ್ಣ ಸಭೆಯ ಕಡೆ ತಿರುಗಿದರು. "ಆ ದ್ವೀಪದ ದಿನ ನಾನು ಕೆಳಗೆ ಇಂಜಿನ್ ಹತ್ರ. ಕಿಟಕಿ ಇಲ್ಲ, ಏನೂ ಕಾಣಲ್ಲ. ಅಲೆ ಹೊಡೆದಾಗೆಲ್ಲ ಇಡೀ ಹಡಗು ವಾಲ್ತಿತ್ತು. ಮುಗೀತು ಅಂದ್ಕೊಂಡಾಗೆಲ್ಲ ಹಡಗಿನೊಳಗಿನ ಫೋನಲ್ಲಿ ಇವನ ಕೂಗು ಬರ್ತಿತ್ತು. ಏನ್ ಕೂಗು, ಹೇಳಿ ಪಾ ಎಲ್ಲಾ?"

"ಬಿಗಿ ಐತೆ ಕಣ್ಲಾ!" ಎಂದಿತು ಹಾಲ್.

ಕುಪ್ಪಂನವರು ಕೂಗಿದರು, ಜೋಲಾರಪೇಟೆಯವರು ಕೂಗಿದರು, ಕನ್ನಡ ತಿಳಿದರೂ ಆಡಲು ಬಾರದ, ಹಡಗಿನ ಒಬ್ಬ ಮಲಯಾಳಿ ಅಡುಗೆಯವರೂ ಕೂಗಿದರು. ಅದೇ ಮೂಗು, ಅದೇ ಎದೆ, ಅದೇ ತಗಡು, ಅದೇ ಜಲ್ಲಿ. ಮಾವನನ್ನು ಅನುಕರಿಸಬಲ್ಲವನು ಜಗತ್ತಿನಲ್ಲಿ ನಾನೊಬ್ಬನೇ ಎಂದು ಬೀಗಿದ್ದವನ ಎದುರಿಗೆ ಒಂದು ಹಾಲ್ ತುಂಬ ಚಲಪತಿಗಳು! ಅದರಲ್ಲೂ ಆ ಅಡುಗೆಯವರದು, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ, ನನ್ನದಕ್ಕಿಂತ ಚೆನ್ನಾಗಿತ್ತು.

"ಆ ಕೂಗು ಬಂತು ಅಂದ್ರೆ ಹಗ್ಗ ನಿಜವಾಗ್ಲೂ ಬಿಗಿ ಇದೆ ಅಂತ ಅರ್ಥ," ಎಂದರು ಸೆಲ್ವರಾಜಣ್ಣ. "ಅದಕ್ಕೇ ನಾವು ಕೆಳಗಡೆ ಕೈ ನಡುಗದೆ ಕೆಲಸ ಮಾಡಿದ್ವಿ."

ಮಾವ ಜೇಬಿಂದ ಬಳಪ ತೆಗೆದ. ಸ್ಲೇಟನ್ನು ಅತ್ತೆ ಚೀಲದಿಂದ ತೆಗೆದುಕೊಟ್ಟಳು. ಅಜ್ಜಿಯ ವಿಷಯವನ್ನು ಅವನೇ ಬರೆದ, ಸೆಲ್ವರಾಜಣ್ಣ ಗಟ್ಟಿಯಾಗಿ ಓದಿದರು. ಚಪ್ಪಾಳೆ ಬೀಳಲಿಲ್ಲ. ಅಡುಗೆಯವರು ಕನ್ನಡಕ ತೆಗೆದು ಒರೆಸಿದರು, ಇನ್ನೊಬ್ಬರು ತಮ್ಮ ಅಂಗೈಯನ್ನೇ ನೋಡುತ್ತ ಕೂತರು. ಅಷ್ಟರಲ್ಲಿ ಯಾರದೋ ಫೋನಿಗೆ ಸುದ್ದಿ ಬಂತು, ಬಾವುಟ ಇಳಿಯುತ್ತಿದೆಯಂತೆ. ಎಲ್ಲರೂ ಎದ್ದು ನಿಂತರು. ಮಾವ ಮಾತ್ರ ಹಳೆಯ ರೂಢಿಯಂತೆ ಎಲ್ಲರಿಗೂ ಬೆನ್ನು ಮಾಡಿ, ಫ್ಲೆಕ್ಸಿನ ಕಡೆ ತಿರುಗಿ ನಿಂತ. ಸಂದಿಯಾಚೆಗೆ, ನನ್ನ ಮೂಗಿನ ಎದುರಿಗೇ, ಅವನ ಮುಖವಿತ್ತು. ಅಷ್ಟು ವರ್ಷ ಹಡಗಿನ ಯಾರಿಗೂ ಕಾಣದೆ, ಬರೀ ಕಡಲಿಗಷ್ಟೇ ಕಾಣುತ್ತಿದ್ದ ಮುಖ. ಅದನ್ನು ನಾನು ಈ ತನಕ ಅನುಕರಿಸಿಲ್ಲ. ಅದು ನನ್ನಿಂದಾಗುವುದೂ ಇಲ್ಲ.

ಆಮೇಲೆ ಮುದುಕರೆಲ್ಲ ಸೇರಿ ರಸ್ತೆಬದಿಯ ಪಾನಿಪುರಿ ಗಾಡಿಯನ್ನು ಮುತ್ತಿದರು. ಖಾರದ ನೀರು ಡಾಕ್ಟರಿಗೆ ಒಪ್ಪಿಗೆಯಾಗದೆಂದು ಮಾವನಿಗೆ ಒಣ ಪೂರಿ ಮಾತ್ರ ಕೊಟ್ಟರು. ನನಗೆ ಅದೂ ಕೊಡಲಿಲ್ಲ.

ಡಾಕ್ಟರು ಮಾತಾಡಲು ಬಿಟ್ಟ ದಿನ ನಾನು ಜಗಲಿಯಲ್ಲಿ ಅಪರಾಧಿಯಂತೆ ಕೂತಿದ್ದೆ. ದನಿ ಉಳಿದಿತ್ತು, ಆದರೆ ಬದಲಾಗಿತ್ತು. ತಗಡೂ ಇಲ್ಲ, ಜಲ್ಲಿಯೂ ಇಲ್ಲ, ನೆನೆದ ಮಣ್ಣಿನಂಥ ಮೆತ್ತನೆಯ ಕಂಠ. ಎಮ್ಮೆಗಳು ಅದಕ್ಕೆ ಓಗೊಡಲು ಒಂದು ವಾರ ಮೀನಮೇಷ ಎಣಿಸಿದವು. ಅಂದರೆ ನಾನು ಇಷ್ಟು ವರ್ಷ ಕಲಿತ ಆ ಹಳೆಯ ಗಂಟಲು ಈಗ ಮಾವನ ಹತ್ತಿರವೇ ಇಲ್ಲ. ಇರುವುದು ನನ್ನ ಹತ್ತಿರ, ಆ ಕೆಲವು ಮುದುಕರ ಹತ್ತಿರ. ಇದು ಹೊಳೆದು, ತಲೆ ತಗ್ಗಿಸಿಕೊಂಡೇ ಕೇಳಿದೆ. "ಮಾವ, ಆ ಹಡಗಿನ ಐಟಂ ಇನ್ನು ಮೇಲೆ ಮಾಡ್ಲಾ, ಬಿಟ್‌ಬಿಡ್ಲಾ?"

ಮಾವ ಹಾಲಿನ ಕ್ಯಾನಿನ ಮುಚ್ಚಳ ಒತ್ತಿ ಹಾಕಿ, ನನ್ನ ಕಡೆ ತಿರುಗಿ, ಆ ಹೊಸ ಮೆತ್ತನೆಯ ದನಿಯಲ್ಲಿ ಹೇಳಿದ:

"ಮಾಡ್ಕೊಳ್ಲಾ. ನನ್ ಅಳೇ ಗಂಟ್ಲು ನೀನೇ ಮಡಿಕ್ಕೋ. ಸುಳ್ ಯೋಳೋವಾಗ ಮಾತ್ರ ನಿನ್ ಗಂಟ್ಲಲ್ಲಿ ಯೋಳು."